ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಪಡೆಯುವವರ ಆರೈಕೆ: ವಾರ್ಡಿನಿಂದ ಮನೆಯವರೆಗೆ ಹಂತ ಹಂತವಾಗಿ

ಹೃದಯದ ವಾಲ್ವ್ ಬದಲಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ರಕ್ತದ ಗಡ್ಡೆ ಕಟ್ಟಿದವರು, ಎದೆಬಡಿತ ಏರುಪೇರಾಗಿ ಸ್ಟ್ರೋಕ್ ಆದವರು, ಮಂಡಿ ಆಪರೇಷನ್ ಆಗಿ ಮಲಗಿದವರು. ಯಾವ ವಾರ್ಡಿಗೆ ಹೋದರೂ ಇವರಲ್ಲಿ ಒಬ್ಬರಾದರೂ ಇರುತ್ತಾರೆ. ಇವರ ಡ್ರಗ್ ಚಾರ್ಟಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಇದ್ದೇ ಇರುತ್ತದೆ. ಅದು ಸ್ವಲ್ಪ ಕಮ್ಮಿಯಾದರೆ ಗಡ್ಡೆ ಕಟ್ಟುತ್ತದೆ, ಸ್ವಲ್ಪ ಜಾಸ್ತಿಯಾದರೆ ರಕ್ತ ಸೋರುತ್ತದೆ. ನಡುವಿನ ಜಾಗ ತುಂಬಾ ಕಿರಿದು.

ಡಾಕ್ಟರ್ ಡೋಸ್ ಬರೆಯುತ್ತಾರೆ, ಲ್ಯಾಬ್ ರಿಪೋರ್ಟ್ ಕೊಡುತ್ತದೆ, ಫಾರ್ಮಸಿ ಔಷಧ ಕಳಿಸುತ್ತದೆ. ಈ ಮೂರೂ ಒಂದೆಡೆ ಸೇರುವುದು ನರ್ಸ್ ಕೈಯಲ್ಲಿ. ನಾನು ಕಂಡಂತೆ ಎಡವಟ್ಟು ಆಗುವುದು ಕೆಲಸ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಜಾಗದಲ್ಲಿ. ರಿಪೋರ್ಟ್ ಬಂದಿರುತ್ತದೆ, ಯಾರೂ ನೋಡಿರುವುದಿಲ್ಲ. ಡೋಸ್ ಬದಲಾಗಿರುತ್ತದೆ, ರಾತ್ರಿ ಡ್ಯೂಟಿಯವರಿಗೆ ಹೇಳಿರುವುದಿಲ್ಲ. ರೋಗಿ ಮನೆಗೆ ಹೋಗಿರುತ್ತಾರೆ, ಮುಂದಿನ ರಕ್ತ ಪರೀಕ್ಷೆ ಯಾವತ್ತು ಅಂತ ಗೊತ್ತಿರುವುದಿಲ್ಲ. ಹೊಸದಾಗಿ ಡ್ಯೂಟಿಗೆ ಸೇರಿದ ನರ್ಸ್‌ಗಳಿಗೆ, ನರ್ಸಿಂಗ್ ಓದುತ್ತಿರುವವರಿಗೆ ಈ ಸಂದಿಗಳನ್ನು ಮುಚ್ಚುವುದು ಹೇಗೆ ಅಂತ ಹೇಳುವುದೇ ನನ್ನ ಉದ್ದೇಶ. ಕೊನೆಯ ಭಾಗ ಮನೆಯವರಿಗೂ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಕೊಟ್ಟಿರುವ ಡೋಸ್‌ಗಳು ಸಾಮಾನ್ಯವಾಗಿ ಬಳಸುವಂಥವು. ನಿಮ್ಮ ರೋಗಿಗೆ ಎಷ್ಟು ಅನ್ನುವುದನ್ನು ಡಾಕ್ಟರ್ ಆದೇಶ ಮತ್ತು ಆಸ್ಪತ್ರೆಯ ಪ್ರೋಟೋಕಾಲ್ ತೀರ್ಮಾನಿಸುತ್ತವೆ.

ಮೊದಲು ತಿಳಿಯಬೇಕಾದ್ದು: ಯಾವ ಔಷಧ, ಯಾಕೆ

ಚಾರ್ಟಿನಲ್ಲಿ ಹೆಸರು ನೋಡಿದ ಕೂಡಲೇ ಅದು ಯಾವ ಗುಂಪಿನದು ಅಂತ ಹೊಳೆಯಬೇಕು. ಹೆಪಾರಿನ್ ರಕ್ತನಾಳದ ಮೂಲಕ ಡ್ರಿಪ್ ಆಗಿ ಹೋಗುತ್ತದೆ. ಕೊಟ್ಟ ಕೂಡಲೇ ಕೆಲಸ ಶುರು, ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಎನಾಕ್ಸಪರಿನ್ ಹೊಟ್ಟೆಯ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್. ವಾರ್ಫರಿನ್ ಮತ್ತು ಅಸೆನೋಕೌಮರಾಲ್ ಹಳೆಯ ಮಾತ್ರೆಗಳು. ಎರಡನೆಯದನ್ನು ನಮ್ಮಲ್ಲಿ ಎಲ್ಲರೂ ಅಸಿಟ್ರೋಮ್ ಎಂಬ ಬ್ರ್ಯಾಂಡ್ ಹೆಸರಿನಲ್ಲೇ ಕರೆಯುತ್ತಾರೆ. ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಹೊಸ ಮಾತ್ರೆಗಳು.

ಯಾಕೆ ಕೊಡುತ್ತಿದ್ದಾರೆ ಅನ್ನುವುದೂ ಗೊತ್ತಿರಬೇಕು, ಯಾಕಂದರೆ ಗುರಿ ಅದರ ಮೇಲೆ ನಿಂತಿದೆ. ಹಳೆಯ ಮಾತ್ರೆಗಳಿಗೆ, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಅಂತ ಹೇಳುವ ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಅಳತೆಗೋಲು. ಈ ಮಾತ್ರೆ ತೆಗೆದುಕೊಳ್ಳದವರಲ್ಲಿ ಅದು 1ರ ಆಸುಪಾಸಿನಲ್ಲಿ ಇರುತ್ತದೆ. ಕಾಲಿನ ಗಡ್ಡೆಗೆ, ಎದೆಬಡಿತದ ಏರುಪೇರಿಗೆ ಸಾಮಾನ್ಯವಾಗಿ 2ರಿಂದ 3ರ ಒಳಗೆ ಇಡುತ್ತಾರೆ. ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ ಜಾಗದಲ್ಲಿ ಲೋಹದ ವಾಲ್ವ್ ಇದ್ದರೆ 2.5ರಿಂದ 3.5. ಒಬ್ಬ ರೋಗಿಗೆ 3.2 ಜಾಸ್ತಿ, ಪಕ್ಕದ ಬೆಡ್ಡಿನವರಿಗೆ ಅದೇ 3.2 ಸರಿಯಾದ ಅಂಕಿ. ಹಾಗಾಗಿ ಕೇಸ್ ಶೀಟಿನ ಮೇಲೆ ಈ ರೋಗಿಯ ಗುರಿ ಎಷ್ಟು ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ರೌಂಡ್ಸ್‌ನಲ್ಲಿ ಕೇಳಿ ಬರೆಸಿಕೊಳ್ಳಿ.

ನಮ್ಮ ದೇಶದಲ್ಲಿ ಹಳೆಯ ಮಾತ್ರೆಗಳು ಇಷ್ಟು ಬಳಕೆಯಲ್ಲಿರುವುದಕ್ಕೆ ಒಂದು ದೊಡ್ಡ ಕಾರಣ ರುಮ್ಯಾಟಿಕ್ ಹೃದ್ರೋಗ. ಚಿಕ್ಕಂದಿನಲ್ಲಿ ಗಂಟಲು ನೋವಿನ ಸೋಂಕಾಗಿ, ಆಮೇಲೆ ಕೀಲು ನೋವು ಜ್ವರ ಬಂದು, ಕೊನೆಗೆ ವಾಲ್ವ್ ಹಾಳಾಗುತ್ತದೆ. ಅಂಥವರಲ್ಲಿ ಅನೇಕರಿಗೆ ಲೋಹದ ವಾಲ್ವ್ ಹಾಕುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿದ ಚಿತ್ರಾ ವಾಲ್ವ್ 1990ರಿಂದ ಬಳಕೆಯಲ್ಲಿದೆ. ಇಂಥ ಯಂತ್ರದ ವಾಲ್ವ್ ಇರುವವರಿಗೆ ಹೊಸ ಮಾತ್ರೆಗಳು ನಡೆಯುವುದಿಲ್ಲ. ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ 2013ರಲ್ಲಿ ಬಂತು. ವಾಲ್ವ್ ಬದಲಿಸದೆ ಇದ್ದರೂ, ರುಮ್ಯಾಟಿಕ್ ಕಾಯಿಲೆಯಿಂದ ಎದೆಬಡಿತ ಏರುಪೇರಾದವರಲ್ಲಿ ರಿವರಾಕ್ಸಬಾನ್‌ಗಿಂತ ಹಳೆಯ ಮಾತ್ರೆಯೇ ಮೇಲು ಅಂತ 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ‘ಪದೇ ಪದೇ ರಕ್ತ ಪರೀಕ್ಷೆ ಬೇಡದ ಮಾತ್ರೆ ಬಂದಿದೆಯಂತೆ, ನಮ್ಮ ಅಪ್ಪನಿಗೆ ಯಾಕೆ ಕೊಡಲ್ಲ ಸಿಸ್ಟರ್?’ ಅಂತ ಮನೆಯವರು ಕೇಳಿದರೆ ಉತ್ತರ ಇದು.

ಪ್ರತಿ ಡೋಸ್‌ಗೂ ಮುಂಚೆ

ಔಷಧ ಕೈಗೆತ್ತಿಕೊಳ್ಳುವ ಮೊದಲು ರೋಗಿಯ ಹತ್ತಿರ ಹೋಗಿ. ವಸಡು, ಕಣ್ಣಿನ ಬಿಳಿಭಾಗ, ಕ್ಯಾನುಲಾ ಹಾಕಿದ ಜಾಗ, ಆಪರೇಷನ್ ಗಾಯದ ಬ್ಯಾಂಡೇಜ್, ಮೂತ್ರದ ಚೀಲದಲ್ಲಿ ರಕ್ತ ಕಾಣುತ್ತದಾ ನೋಡಿ. ‘ಮಲ ಕಪ್ಪಗೆ ಹೋಯಿತಾ?’ ಅಂತ ನೇರವಾಗಿ ಕೇಳಿ. ನಾವು ಕೇಳದೆ ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ. ಹೆಣ್ಣುಮಕ್ಕಳನ್ನು ಮುಟ್ಟಿನ ರಕ್ತ ಎಂದಿಗಿಂತ ಜಾಸ್ತಿ ಹೋಗುತ್ತಿದೆಯಾ ಅಂತ ಕೇಳಿ, ಪರದೆ ಎಳೆದು, ಮೆಲ್ಲನೆ.

ಆಮೇಲೆ ರಿಪೋರ್ಟ್. ಹಳೆಯ ಮಾತ್ರೆಯಾದರೆ ಇವತ್ತಿನ ಐಎನ್‌ಆರ್, ಹೆಪಾರಿನ್ ಡ್ರಿಪ್ ಆದರೆ ಎಪಿಟಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಪರೀಕ್ಷೆ. ಎನಾಕ್ಸಪರಿನ್ ಮತ್ತು ಹೊಸ ಮಾತ್ರೆಗಳಿಗೆ ಕ್ರಿಯಾಟಿನಿನ್ ಮುಖ್ಯ, ಯಾಕಂದರೆ ಇವು ಕಮ್ಮಿ-ಜಾಸ್ತಿ ಕಿಡ್ನಿಯ ಮೂಲಕವೇ ಹೊರಗೆ ಹೋಗಬೇಕು. ಎಲ್ಲದಕ್ಕೂ ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಸಂಖ್ಯೆ. ಒಂದೇ ದಿನದ ಅಂಕಿ ನೋಡಿದರೆ ಸಾಲದು. ಹಿಮೋಗ್ಲೋಬಿನ್ 9 ಇದೆ ಅಂದರೆ ಏನೂ ತಿಳಿಯುವುದಿಲ್ಲ, ಮೊನ್ನೆ 11.5 ಇತ್ತು, ಇವತ್ತು 9 ಅಂದರೆ ಎಲ್ಲೋ ರಕ್ತ ಸೋರುತ್ತಿದೆ ಅಂತ ಅರ್ಥ.

ಮೂರನೆಯದು ಚಾರ್ಟಿನ ಉಳಿದ ಔಷಧಗಳು. ನೋವಿಗೆ ರಕ್ತಸ್ರಾವ ಹೆಚ್ಚಿಸುವ ಡೈಕ್ಲೋಫೆನಾಕ್ ಬರೆದಿದ್ದಾರಾ? ಸೊಂಟಕ್ಕೆ ಕೊಡುವ ಇಂಜೆಕ್ಷನ್ ಏನಾದರೂ ಇದೆಯಾ? ಈ ರೋಗಿಗಳಿಗೆ ಮಾಂಸಖಂಡಕ್ಕೆ ಚುಚ್ಚುಮದ್ದು ಕೊಟ್ಟರೆ ಒಳಗೊಳಗೇ ರಕ್ತ ತುಂಬಿ ದೊಡ್ಡ ಗಂಟಾಗುತ್ತದೆ. ಬರೆದವರನ್ನು ಕೇಳಿ, ಬೇರೆ ದಾರಿಯಲ್ಲಿ ಕೊಡಲು ಆದೇಶ ಬದಲಿಸಿಕೊಳ್ಳಿ. ಇವತ್ತು ಅಥವಾ ನಾಳೆ ಆಪರೇಷನ್, ಎಂಡೋಸ್ಕೋಪಿ, ಬೆನ್ನಿನ ಸೂಜಿ ಏನಾದರೂ ಇದೆಯಾ ಅನ್ನುವುದನ್ನೂ ನೋಡಿ. ಬೆನ್ನಿನಲ್ಲಿ ನೋವಿನ ಮದ್ದು ಬಿಡುವ ಎಪಿಡ್ಯೂರಲ್ ಟ್ಯೂಬ್ ಇರುವವರಿಗೆ ಎನಾಕ್ಸಪರಿನ್ ಸಮಯವನ್ನು ಅನೆಸ್ತೀಷಿಯಾ ಡಾಕ್ಟರ್ ಹೇಳದೆ ಕೊಡಲೇಬಾರದು. ಟ್ಯೂಬ್ ತೆಗೆಯುವ ಹೊತ್ತೂ ಅವರು ಹೇಳಿದಂತೆಯೇ. ಬೆನ್ನುಹುರಿಯ ಪಕ್ಕ ರಕ್ತ ಕಟ್ಟಿದರೆ ಕಾಲುಗಳ ಬಲವೇ ಹೋಗಬಹುದು.

ಹೆಪಾರಿನ್ ಡ್ರಿಪ್

ಇಲ್ಲಿ ನಿಧಾನವಾಗಿ ಓದಿ. ನಮ್ಮ ಕೈಯಲ್ಲಿ ಹಾದುಹೋಗುವ ಔಷಧಗಳಲ್ಲಿ ಲೆಕ್ಕ ತಪ್ಪಿದರೆ ಅತಿ ಬೇಗ ಅಪಾಯ ತರುವವುಗಳ ಸಾಲಿನಲ್ಲಿ ಇದು ಮುಂದೆ ನಿಲ್ಲುತ್ತದೆ.

ವಯಲ್ ನೋಡುವುದು ಮೊದಲ ಹೆಜ್ಜೆ. ನಮ್ಮಲ್ಲಿ 5 ಎಂಎಲ್ ವಯಲ್ ಎರಡು ಬಗೆಯಲ್ಲಿ ಸಿಗುತ್ತದೆ. ಒಂದರಲ್ಲಿ ಎಂಎಲ್‌ಗೆ 1,000 ಯೂನಿಟ್, ಅಂದರೆ ಒಟ್ಟು 5,000. ಇನ್ನೊಂದರಲ್ಲಿ ಎಂಎಲ್‌ಗೆ 5,000, ಅಂದರೆ ಒಟ್ಟು 25,000. ಗಾತ್ರ ಒಂದೇ, ಒಳಗಿನದು ಐದು ಪಟ್ಟು. ‘ಒಂದು ವಯಲ್ ಹೆಪಾರಿನ್’ ಅಂತ ಬಾಯಲ್ಲಿ ಹೇಳುವ ಅಭ್ಯಾಸ ಬಿಟ್ಟುಬಿಡಿ. ಯಾವಾಗಲೂ ಯೂನಿಟ್‌ನಲ್ಲೇ ಮಾತಾಡಿ. ಬರೆಯುವಾಗ ಯೂನಿಟ್ ಎಂಬ ಪದವನ್ನು ಪೂರ್ತಿ ಬರೆಯಿರಿ. ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಬರೆದರೆ ಅವಸರದಲ್ಲಿ ಅದು ಸೊನ್ನೆಯಂತೆ ಕಂಡು ಡೋಸ್ ಹತ್ತು ಪಟ್ಟಾಗಬಹುದು.

ಎರಡನೆಯದು ತೂಕ. ಅಂದಾಜಿನ ತೂಕ ಬೇಡ, ಸಾಧ್ಯವಾದರೆ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿ. ಗಡ್ಡೆ ಕಟ್ಟಿದವರಿಗೆ ಸಾಮಾನ್ಯವಾಗಿ ಶುರುವಿನಲ್ಲಿ ಕೆಜಿಗೆ 80 ಯೂನಿಟ್ ಒಮ್ಮೆಲೇ, ಆಮೇಲೆ ಗಂಟೆಗೆ ಕೆಜಿಗೆ 18 ಯೂನಿಟ್ ಡ್ರಿಪ್. 60 ಕೆಜಿಯವರಿಗೆ ಲೆಕ್ಕ ಮಾಡೋಣ. ಮೊದಲ ಡೋಸ್ 80 ಗುಣಿಸು 60, ಅಂದರೆ 4,800 ಯೂನಿಟ್. ಡ್ರಿಪ್ 18 ಗುಣಿಸು 60, ಅಂದರೆ ಗಂಟೆಗೆ 1,080 ಯೂನಿಟ್. ಈಗ 25,000 ಯೂನಿಟ್‌ನ 5 ಎಂಎಲ್ ವಯಲ್‌ಗೆ 45 ಎಂಎಲ್ ನಾರ್ಮಲ್ ಸಲೈನ್ ಸೇರಿಸಿ 50 ಎಂಎಲ್ ಸಿರಿಂಜ್ ಮಾಡಿದರೆ ಪ್ರತಿ ಎಂಎಲ್‌ನಲ್ಲಿ 500 ಯೂನಿಟ್. 1,080 ಅನ್ನು 500ರಿಂದ ಭಾಗಿಸಿದರೆ 2.16. ಪಂಪ್ ಗಂಟೆಗೆ ಸುಮಾರು 2.2 ಎಂಎಲ್‌ನಲ್ಲಿ ಓಡಬೇಕು. ಈ ಚುಕ್ಕೆ ಬಿಟ್ಟು 22 ಅಂತ ಒತ್ತಿದರೆ ಏನಾಗುತ್ತದೆ ಅಂತ ಯೋಚಿಸಿ.

ಅದಕ್ಕೇ ಇಬ್ಬರು ನರ್ಸ್‌ಗಳು ಬೇರೆ ಬೇರೆಯಾಗಿ ಲೆಕ್ಕ ಮಾಡಬೇಕು. ಒಬ್ಬರು ಮಾಡಿದ ಲೆಕ್ಕಕ್ಕೆ ಇನ್ನೊಬ್ಬರು ಸುಮ್ನೆ ತಲೆಯಾಡಿಸಿ ಸಹಿ ಹಾಕಿದರೆ ಅದು ಪರೀಕ್ಷೆ ಆಗುವುದಿಲ್ಲ. ಸಿರಿಂಜ್ ಮೇಲೆ ರೋಗಿಯ ಹೆಸರು, ಒಟ್ಟು ಯೂನಿಟ್, ಎಂಎಲ್‌ಗೆ ಎಷ್ಟು, ಬೆರೆಸಿದ ಸಮಯ, ಇಬ್ಬರ ಸಹಿ ಇರುವ ಲೇಬಲ್ ಅಂಟಿಸಿ. ಡ್ಯೂಟಿ ಬದಲಾಗುವಾಗ ಬರುವವರು ಪಂಪ್ ಮುಂದೆ ನಿಂತು ಅದೇ ಲೆಕ್ಕ ಮತ್ತೆ ಮಾಡಲಿ. ನರ್ಸಿಂಗ್ ಸ್ಟೇಷನ್‌ನಲ್ಲಿ ಕುಳಿತು ‘ಹೆಪಾರಿನ್ ಓಡ್ತಿದೆ’ ಅಂತ ಹೇಳಿ ಮುಗಿಸುವ ಹ್ಯಾಂಡೋವರ್ ನನಗೆ ಸಮಾಧಾನ ಕೊಡುವುದಿಲ್ಲ.

ಹೆಪಾರಿನ್‌ಗೆ ಒಂದು ಕ್ಯಾನುಲಾ ಮೀಸಲಿಡಿ. ಅದರಲ್ಲೇ ಆಂಟಿಬಯೋಟಿಕ್ ಕೊಟ್ಟರೆ ಡ್ರಿಪ್ ನಿಲ್ಲುತ್ತದೆ, ಇಲ್ಲವೇ ಟ್ಯೂಬಿನಲ್ಲಿದ್ದ ಹೆಪಾರಿನ್ ಒಮ್ಮೆಲೇ ಒಳಗೆ ನುಗ್ಗುತ್ತದೆ, ಜೊತೆಗೆ ಕೆಲವು ಔಷಧಗಳು ಅದರೊಂದಿಗೆ ಒಡೆಯುತ್ತವೆ.

ಎಪಿಟಿಟಿಗೆ ರಕ್ತವನ್ನು ಡ್ರಿಪ್ ಇಲ್ಲದ ಕೈಯಿಂದ ತೆಗೆಯಿರಿ. ಡ್ರಿಪ್ ಇರುವ ಕೈಯಿಂದ ತೆಗೆದರೆ ಸುಳ್ಳು ಜಾಸ್ತಿ ಅಂಕಿ ಬರುತ್ತದೆ, ಡೋಸ್ ಸುಮ್ಮನೆ ಇಳಿಯುತ್ತದೆ. ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಗೆರೆಯವರೆಗೆ ರಕ್ತ ತುಂಬಿರಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಅನ್ನುವ ಲೆಕ್ಕದಲ್ಲಿ ಆ ಗೆರೆ ಹಾಕಿರುತ್ತಾರೆ. ಕಮ್ಮಿ ತುಂಬಿದರೂ ಅಂಕಿ ತಪ್ಪಾಗುತ್ತದೆ. ಕುಲುಕಬೇಡಿ, ಮೂರು ನಾಲ್ಕು ಸಲ ಮೆಲ್ಲಗೆ ತಲೆಕೆಳಗೆ ಮಾಡಿ, ಕೂಡಲೇ ಲ್ಯಾಬಿಗೆ ಕಳಿಸಿ. ಡ್ರಿಪ್ ಶುರುವಾದ ಮೇಲೆ, ಮತ್ತು ಪ್ರತಿ ಸಲ ವೇಗ ಬದಲಿಸಿದ ಮೇಲೆ, 6 ಗಂಟೆಗೆ ಎಪಿಟಿಟಿ ನೋಡುವುದು ರೂಢಿ. ಸಾಮಾನ್ಯವಾಗಿ ಇರಬೇಕಾದ್ದಕ್ಕಿಂತ ಒಂದೂವರೆಯಿಂದ ಎರಡೂವರೆ ಪಟ್ಟು ಇದ್ದರೆ ಸರಿ. ಆ 6 ಗಂಟೆ ನಿಮ್ಮ ಡ್ಯೂಟಿ ಮುಗಿದ ಮೇಲೆ ಬರುವುದಾದರೆ, ರಕ್ತ ಎಷ್ಟು ಗಂಟೆಗೆ ತೆಗೆಯಬೇಕು ಅಂತ ಬೋರ್ಡಿನ ಮೇಲೆ ಬರೆದು ಹೋಗಿ.

ಇನ್ನೊಂದು ವಿಷಯ ಮರೆಯಬಾರದು. ಹೆಪಾರಿನ್ ಶುರುವಾಗಿ 5ರಿಂದ 10 ದಿನಗಳಲ್ಲಿ ಕೆಲವರಲ್ಲಿ ಪ್ಲೇಟ್‌ಲೆಟ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಪ್ಲೇಟ್‌ಲೆಟ್ ಇಳಿದರೆ ರಕ್ತ ಸೋರುತ್ತದೆ ಅಂದುಕೊಳ್ಳುತ್ತೇವೆ ಅಲ್ವಾ? ಇಲ್ಲಿ ಉಲ್ಟಾ, ಹೊಸ ಗಡ್ಡೆಗಳು ಕಟ್ಟುತ್ತವೆ. ಇಂಥ ಇಳಿಕೆ ಕಂಡರೆ ಕೂಡಲೇ ಡಾಕ್ಟರಿಗೆ ಹೇಳಿ. ಹೆಪಾರಿನ್ ನಿಲ್ಲಿಸಲು ಹೇಳಿದರೆ ಕ್ಯಾನುಲಾ ತೊಳೆಯಲು ಬಳಸುವ ಹೆಪಾರಿನ್ ನೀರನ್ನೂ ನಿಲ್ಲಿಸಬೇಕು. ಅದು ಚಾರ್ಟಿನಲ್ಲಿ ಇರುವುದಿಲ್ಲವಾದ್ದರಿಂದ ಯಾರಿಗೂ ನೆನಪಾಗುವುದಿಲ್ಲ. ನೆನಪಿಡಬೇಕಾದವರು ನಾವೇ.

ಹೊಟ್ಟೆಯ ಇಂಜೆಕ್ಷನ್ ಕೊಡುವ ಕ್ರಮ

ಎನಾಕ್ಸಪರಿನ್ ಗಡ್ಡೆ ಕಟ್ಟದಂತೆ ಮುನ್ನೆಚ್ಚರಿಕೆಗಾದರೆ ಹೆಚ್ಚಾಗಿ ದಿನಕ್ಕೊಮ್ಮೆ 40 ಎಂಜಿ. ಕಟ್ಟಿದ ಗಡ್ಡೆಗೆ ಕೆಜಿಗೆ 1 ಎಂಜಿಯಂತೆ 12 ಗಂಟೆಗೊಮ್ಮೆ. ಕಿಡ್ನಿ ತೀರಾ ಕೆಟ್ಟಿದ್ದರೆ ಡೋಸ್ ಇಳಿಸುತ್ತಾರೆ.

1. ರೋಗಿಯನ್ನು ಅಂಗಾತ ಮಲಗಿಸಿ ಇಲ್ಲವೇ ಒರಗಿಸಿ ಕೂರಿಸಿ. ಹೊಕ್ಕುಳಿನಿಂದ ಕನಿಷ್ಠ 5 ಸೆಂಟಿಮೀಟರ್ ದೂರ, ಪಕ್ಕದ ಕಡೆಗೆ ಜಾಗ ಆರಿಸಿ. ಹಳೆಯ ಗಾಯದ ಗುರುತು, ಕಂದಿದ ಚರ್ಮ ಬೇಡ. ಒಂದು ಸಲ ಎಡಗಡೆ, ಮುಂದಿನ ಸಲ ಬಲಗಡೆ. ಯಾವ ಕಡೆ ಕೊಟ್ಟಿರಿ ಅಂತ ಚಾರ್ಟಿನಲ್ಲಿ ಬರೆಯಿರಿ.

2. ತುಂಬಿಸಿ ಬಂದ ಸಿರಿಂಜಿನಲ್ಲಿ ಒಂದು ಗಾಳಿಗುಳ್ಳೆ ಇರುತ್ತದೆ. ಇಡೀ ಸಿರಿಂಜ್ ಕೊಡುವುದಾದರೆ ಅದನ್ನು ಹೊರಹಾಕಬೇಡಿ. ಹೊರಹಾಕಲು ಹೋದರೆ ಔಷಧವೂ ಹೋಗುತ್ತದೆ.

3. ಹೆಬ್ಬೆರಳು ತೋರುಬೆರಳಿನಿಂದ ಚರ್ಮ ಹಿಡಿದು ಎತ್ತಿ. ಸೂಜಿ ನೇರವಾಗಿ, ಪೂರ್ತಿ ಒಳಗೆ ಹೋಗಲಿ. ಸೂಜಿ ಹೊರಬರುವವರೆಗೂ ಹಿಡಿದ ಚರ್ಮ ಬಿಡಬೇಡಿ.

4. ಹಿಂದಕ್ಕೆ ಎಳೆದು ರಕ್ತ ಬರುತ್ತದಾ ಅಂತ ನೋಡುವುದು ಬೇಡ. ಸುಮಾರು 30 ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ತಳ್ಳಿ. ನಿಧಾನ ಮಾಡಿದಷ್ಟು ನೋವು ಕಮ್ಮಿ, ಕಂದುವುದೂ ಕಮ್ಮಿ.

5. ಸೂಜಿ ತೆಗೆದ ಮೇಲೆ ಹತ್ತಿಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ತಿಕ್ಕಬೇಡಿ. ಪಕ್ಕದಲ್ಲಿ ಕುಳಿತ ಮನೆಯವರಿಗೂ ಹೇಳಿ. ನಾವು ಆಚೆ ಹೋದ ಕೂಡಲೇ ಪ್ರೀತಿಯಿಂದ ತಿಕ್ಕಿಬಿಡುತ್ತಾರೆ.

ಅಸಿಟ್ರೋಮ್, ವಾರ್ಫರಿನ್

ಈ ಮಾತ್ರೆಗಳು ಲಿವರ್‌ನಲ್ಲಿ ವಿಟಮಿನ್ ಕೆ ಮಾಡುವ ಕೆಲಸವನ್ನು ತಡೆಯುತ್ತವೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೊಸದಾಗಿ ತಯಾರಾಗುವುದಿಲ್ಲ, ಆದರೆ ಈಗಾಗಲೇ ರಕ್ತದಲ್ಲಿ ಇರುವವು ಖರ್ಚಾಗಲು ದಿನಗಳು ಬೇಕು. ಅದಕ್ಕೇ ಇವತ್ತು ಕೊಟ್ಟ ಡೋಸಿನ ಫಲ ನಾಳೆಯ ಐಎನ್‌ಆರ್‌ನಲ್ಲಿ ಪೂರ್ತಿ ಕಾಣುವುದಿಲ್ಲ, ಎರಡು ಮೂರು ದಿನ ಬೇಕು. ಗಡ್ಡೆ ಕಟ್ಟಿದವರಿಗೆ ಮೊದಲ ಐದು ದಿನವಾದರೂ ಹೆಪಾರಿನ್ ಅಥವಾ ಎನಾಕ್ಸಪರಿನ್ ಜೊತೆಗೇ ನಡೆಯುತ್ತದೆ. ಐಎನ್‌ಆರ್ 2 ದಾಟಿ ಒಂದು ದಿನ ಅಲ್ಲೇ ನಿಲ್ಲುವವರೆಗೆ ಇಂಜೆಕ್ಷನ್ ನಿಲ್ಲಿಸುವುದಿಲ್ಲ. ‘ಮಾತ್ರೆ ಶುರು ಮಾಡಿದ್ದಾರಲ್ಲ, ಇನ್ನು ಇಂಜೆಕ್ಷನ್ ಯಾಕೆ?’ ಅಂತ ರೋಗಿ ಬೇಡ ಎಂದರೆ ಇದನ್ನು ತಿಳಿಸಿ ಹೇಳಿ. ಶುರುವಿನ ದಿನಗಳಲ್ಲಿ ಸ್ತನ, ತೊಡೆ, ಹೊಟ್ಟೆಯ ಚರ್ಮ ನೋವಿನೊಂದಿಗೆ ಕಪ್ಪಾಗತೊಡಗಿದರೆ ಕೂಡಲೇ ಡಾಕ್ಟರನ್ನು ಕರೆಯಿರಿ. ಅಪರೂಪ, ಆದರೆ ಕಾಯುವಂಥದ್ದಲ್ಲ.

ಮಾತ್ರೆ ಸಂಜೆ ಕೊಡುವ ಪದ್ಧತಿ ಸುಮ್ಮನೆ ಬಂದಿದ್ದಲ್ಲ. ಬೆಳಿಗ್ಗೆ ರಕ್ತ ಹೋಗುತ್ತದೆ, ಮಧ್ಯಾಹ್ನ ರಿಪೋರ್ಟ್ ಬರುತ್ತದೆ, ಡಾಕ್ಟರ್ ಇವತ್ತಿನ ಡೋಸ್ ಬರೆಯುತ್ತಾರೆ, ಸಂಜೆ ನಾವು ಕೊಡುತ್ತೇವೆ. ಹಾಗಾಗಿ ಸಂಜೆಯ ಡೋಸ್ ಕೊಡುವವರು ಇವತ್ತಿನ ತಾರೀಕಿನ ಆದೇಶ ಇದೆಯಾ ಅಂತ ನೋಡಲೇಬೇಕು. ನಿನ್ನೆಯದೇ ಡೋಸ್ ಇವತ್ತೂ ಅಂತ ಅಂದುಕೊಂಡು ಕೊಡುವುದು ಈ ಔಷಧದಲ್ಲಿ ನಡೆಯುವುದಿಲ್ಲ. ಅಸಿಟ್ರೋಮ್ 1, 2, 3, 4 ಎಂಜಿ ಮಾತ್ರೆಗಳಲ್ಲಿ ಬರುತ್ತದೆ. ‘ಒಂದೂವರೆ ಮಾತ್ರೆ’ ಎಂದು ಬರೆದಿದ್ದರೆ ಎಷ್ಟು ಎಂಜಿಯ ಮಾತ್ರೆ ಅಂತ ಕೇಳಿ, ಎಂಜಿಯಲ್ಲಿ ಬರೆಸಿ.

ಹೊಸ ಮಾತ್ರೆಗಳು

ಇವುಗಳಿಗೆ ಐಎನ್‌ಆರ್ ನೋಡುತ್ತಾ ಡೋಸ್ ಬದಲಿಸುವುದು ಇಲ್ಲ. ಐಎನ್‌ಆರ್ ಸರಿ ಇದೆ ಅಂದಮಾತ್ರಕ್ಕೆ ಔಷಧದ ಪ್ರಭಾವ ಇಲ್ಲ ಅಂತಲೂ ಅಲ್ಲ. ಪ್ರಭಾವ ಬೇಗ ಇಳಿಯುವುದರಿಂದ ಒಂದು ದಿನ ತಪ್ಪಿದರೂ ರಕ್ಷಣೆ ಹೋಯಿತು. ರಿವರಾಕ್ಸಬಾನ್ 15 ಮತ್ತು 20 ಎಂಜಿ ಊಟದ ಜೊತೆಗೇ ಕೊಡಬೇಕು, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಹೀರಿಕೊಳ್ಳುವುದಿಲ್ಲ. ಡಾಬಿಗಾಟ್ರಾನ್ ಕ್ಯಾಪ್ಸೂಲ್ ಒಡೆದು ಪುಡಿ ಕೊಡಬಾರದು. ಒಡೆದರೆ ರಕ್ತಕ್ಕೆ ಸೇರುವ ಪ್ರಮಾಣ ಜಾಸ್ತಿಯಾಗುತ್ತದೆ. ಹಾಗಾಗಿ ಮೂಗಿನ ಟ್ಯೂಬಿನಿಂದ ಆಹಾರ ಪಡೆಯುವವರಿಗೆ ಇದು ಆಗುವುದಿಲ್ಲ. ಆದೇಶ ಬಂದರೆ ಫೋನ್ ಮಾಡಿ ಬದಲಿಸಿಕೊಳ್ಳಿ.

ದಿನವಿಡೀ ಆರೈಕೆ

ಮೆತ್ತನೆ ಬ್ರಷ್, ಬ್ಲೇಡ್ ಬದಲು ಟ್ರಿಮ್ಮರ್. ಎನಿಮಾ, ಗುದದ್ವಾರದಲ್ಲಿ ಜ್ವರ ನೋಡುವುದು ಬೇಡ. ಮಲ ಗಟ್ಟಿಯಾಗಲು ಬಿಡಬೇಡಿ, ತಿಣುಕುವುದರಿಂದಲೂ ರಕ್ತ ಬರುತ್ತದೆ. ರಕ್ತ ತೆಗೆದ ಜಾಗವನ್ನು ಕನಿಷ್ಠ 5 ನಿಮಿಷ ನೀವೇ ಒತ್ತಿ ಹಿಡಿಯಿರಿ, ಧಮನಿಯಿಂದ ತೆಗೆದಿದ್ದರೆ 10 ನಿಮಿಷಕ್ಕೂ ಜಾಸ್ತಿ. ಹತ್ತಿ ಇಟ್ಟು ಕೈ ಮಡಚಿಸಿ ಹೋಗಬೇಡಿ. ಎಷ್ಟು ಪರೀಕ್ಷೆಗಳಿದ್ದರೂ ಒಂದೇ ಚುಚ್ಚಿನಲ್ಲಿ ಮುಗಿಸಲು ನೋಡಿ. ಸಕ್ಷನ್ ಮಾಡುವಾಗ, ಕ್ಯಾಥೆಟರ್ ಹಾಕುವಾಗ ಕೈ ಹಗುರ ಇರಲಿ.

ಬೀಳದಂತೆ ನೋಡಿಕೊಳ್ಳುವುದು ನನ್ನ ಮಟ್ಟಿಗೆ ಔಷಧ ಕೊಟ್ಟಷ್ಟೇ ದೊಡ್ಡ ಕೆಲಸ. ರಾತ್ರಿ ಬಾತ್‌ರೂಮಿಗೆ ಹೋಗುವಾಗಲೇ ಬೀಳುವುದು. ಮಲಗುವ ಮುಂಚೆ ಒಮ್ಮೆ ಕರೆದುಕೊಂಡು ಹೋಗಿ, ಬೆಲ್ ಕೈಗೆ ಸಿಗುವಂತೆ ಇಡಿ, ನೆಲ ಒರೆಸಿದ ಮೇಲೆ ಒಣಗುವವರೆಗೆ ಎದ್ದು ಓಡಾಡಬೇಡಿ ಅನ್ನಿ. ತಲೆಗೆ ಪೆಟ್ಟು ಬಿದ್ದರೆ ‘ಏನೂ ಆಗಿಲ್ಲ ಸಿಸ್ಟರ್, ಚೆನ್ನಾಗಿದ್ದೀನಿ’ ಎಂದರೂ ಡಾಕ್ಟರಿಗೆ ತಿಳಿಸಿ. ತಲೆಯೊಳಗಿನ ರಕ್ತಸ್ರಾವ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಬಿಪಿ ಜಾಸ್ತಿ ಇರುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು, ಹಾಗಾಗಿ ಅವರ ಬಿಪಿ ಮಾತ್ರೆ ತಪ್ಪಬಾರದು.

ರಕ್ತಸ್ರಾವದ ಮೇಲೆ ಕಣ್ಣಿಟ್ಟು ಇನ್ನೊಂದು ಕಡೆ ಮರೆಯಬೇಡಿ. ಒಂದು ಕಾಲು ಊದಿಕೊಂಡಿತು, ಒಮ್ಮೆಲೇ ಉಸಿರು ಕಟ್ಟಿತು, ಬಾಯಿ ಸೊಟ್ಟಗಾಯಿತು, ಮಾತು ತೊದಲಿತು ಅಂದರೆ ಗಡ್ಡೆ ಕಟ್ಟಿದೆ ಅಂತ ಅನುಮಾನಿಸಬೇಕು. ಲೋಹದ ವಾಲ್ವ್ ಇರುವವರಿಗೆ ತಮ್ಮ ಎದೆಯ ಟಿಕ್ ಟಿಕ್ ಸದ್ದು ಅಭ್ಯಾಸವಾಗಿರುತ್ತದೆ. ‘ಎರಡು ದಿನದಿಂದ ಸದ್ದು ಮಂಕಾಗಿದೆ’ ಎಂದು ಯಾರಾದರೂ ಹೇಳಿದರೆ ಸಮಾಧಾನ ಹೇಳಿ ಕಳಿಸುವ ಮಾತೇ ಇಲ್ಲ. ವಾಲ್ವ್ ಮೇಲೆ ಗಡ್ಡೆ ಕೂತಿರಬಹುದು.

ರಕ್ತಸ್ರಾವ ಕಂಡರೆ

ಮುಂದಿನ ಡೋಸ್ ಕೊಡಬೇಡಿ, ಹೆಪಾರಿನ್ ಪಂಪ್ ಓಡುತ್ತಿದ್ದರೆ ನಿಲ್ಲಿಸಿ, ಡಾಕ್ಟರನ್ನು ಕರೆಯಿರಿ. ಕಾಣುವ ಜಾಗವಾದರೆ ಒತ್ತಿ ಹಿಡಿಯಿರಿ. ಮೂಗಿನಿಂದ ಬರುತ್ತಿದ್ದರೆ ಕೂರಿಸಿ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಹಿಡಿಯಿರಿ. ತಲೆ ಹಿಂದಕ್ಕೆ ವಾಲಿಸಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ನಾಡಿ, ಬಿಪಿ, ಪ್ರಜ್ಞೆ ನೋಡಿ ಸಮಯದೊಂದಿಗೆ ಬರೆಯಿರಿ. ನಾಡಿ ಏರುತ್ತಾ ಬಿಪಿ ಇಳಿಯುತ್ತಿದ್ದು ಹೊರಗೆ ರಕ್ತವೇ ಕಾಣದಿದ್ದರೆ ಒಳಗೆ ಹುಡುಕಬೇಕು. ಸೊಂಟದ ಮೇಲ್ಭಾಗ, ಪಕ್ಕೆ, ತೊಡೆಸಂದಿಯಲ್ಲಿ ಹೊಸ ನೋವು ಹೊಟ್ಟೆಯ ಹಿಂಭಾಗದಲ್ಲಿ ರಕ್ತ ತುಂಬಿದ ಸೂಚನೆ ಇರಬಹುದು. ಜೋರು ತಲೆನೋವು, ವಾಂತಿ, ಮಂಪರು ಬಂದರೆ ತಲೆಯ ಸ್ಕ್ಯಾನ್‌ಗೆ ಹೊರಡಲು ಸಿದ್ಧರಾಗಿ. ರಕ್ತದ ಗುಂಪಿನ ಸ್ಯಾಂಪಲ್ ಕಳಿಸಿ, ದೊಡ್ಡ ಕ್ಯಾನುಲಾ ಹಾಕಿ.

ಹೆಪಾರಿನ್‌ಗೆ ಪ್ರತಿಮದ್ದು ಪ್ರೊಟಮಿನ್. ಅದರ 1 ಎಂಜಿ ಸುಮಾರು 100 ಯೂನಿಟ್ ಹೆಪಾರಿನ್ ಅನ್ನು ಕಟ್ಟಿಹಾಕುತ್ತದೆ, ಒಮ್ಮೆಗೆ 50 ಎಂಜಿ ಮೀರುವುದಿಲ್ಲ. ನಿಧಾನವಾಗಿ ಕೊಡಬೇಕು, ಬೇಗ ಕೊಟ್ಟರೆ ಬಿಪಿ ಕುಸಿಯುತ್ತದೆ. ಎನಾಕ್ಸಪರಿನ್‌ಗೆ ಇದು ಅರ್ಧಂಬರ್ಧವಷ್ಟೇ ಕೆಲಸ ಮಾಡುತ್ತದೆ. ಅಸಿಟ್ರೋಮ್, ವಾರ್ಫರಿನ್‌ಗೆ ವಿಟಮಿನ್ ಕೆ. ದೊಡ್ಡ ರಕ್ತಸ್ರಾವವಾದರೆ 5ರಿಂದ 10 ಎಂಜಿಯನ್ನು ಸಲೈನ್‌ನಲ್ಲಿ ಬೆರೆಸಿ 20ರಿಂದ 30 ನಿಮಿಷದಲ್ಲಿ ಬಿಡುತ್ತಾರೆ. ಒಮ್ಮೆಲೇ ತಳ್ಳಿದರೆ ತೀವ್ರ ಅಲರ್ಜಿಯಂಥ ಪ್ರತಿಕ್ರಿಯೆ ಆಗಬಹುದು. ವಿಟಮಿನ್ ಕೆ ಕೆಲಸ ಮಾಡಲು ಗಂಟೆಗಳು ಬೇಕಾಗುವುದರಿಂದ ಜೊತೆಗೆ ಪ್ಲಾಸ್ಮಾ ಅಥವಾ ಪಿಸಿಸಿ (ಹೆಪ್ಪುಗಟ್ಟಿಸುವ ಅಂಶಗಳನ್ನು ಸಾಂದ್ರಗೊಳಿಸಿದ ಔಷಧ) ಕೊಡುತ್ತಾರೆ. ಐಎನ್‌ಆರ್ ಬರೀ ಏರಿದ್ದು, ರಕ್ತಸ್ರಾವ ಇಲ್ಲದಿದ್ದರೆ ಅನೇಕ ಸಲ ಡೋಸ್ ತಡೆದು ಮತ್ತೆ ಪರೀಕ್ಷೆ ಮಾಡಿದರೆ ಸಾಕು. ಲೋಹದ ವಾಲ್ವ್ ಇರುವವರಿಗೆ ಗಾಬರಿಯಲ್ಲಿ ವಿಟಮಿನ್ ಕೆ ಜಾಸ್ತಿ ಕೊಟ್ಟರೆ ಮತ್ತೆ ಐಎನ್‌ಆರ್ ಏರಿಸಲು ದಿನಗಟ್ಟಲೆ ಹೆಣಗಬೇಕು, ಆ ನಡುವೆ ಗಡ್ಡೆಯ ಭಯ.

ಮನೆಗೆ ಕಳಿಸುವ ಮುಂಚೆ

ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ. ಎರಡು ದಿನ ಮುಂಚೆಯೇ ಶುರು ಮಾಡಿ. ಮನೆಯಲ್ಲಿ ಮಾತ್ರೆ ಕೊಡುವವರು ಯಾರು ಅಂತ ಕೇಳಿ ಅವರನ್ನೇ ಕೂರಿಸಿಕೊಳ್ಳಿ. ಸೊಸೆಯೋ ಮೊಮ್ಮಗನೋ ಆಗಿರಬಹುದು. ಹೇಳಿದ ಮೇಲೆ ‘ಈಗ ನೀವು ನನಗೆ ಹೇಳಿ ಅಮ್ಮ, ಇವತ್ತು ರಾತ್ರಿ ಯಾವ ಮಾತ್ರೆ, ಎಷ್ಟು?’ ಅಂತ ಅವರ ಬಾಯಲ್ಲೇ ಹೇಳಿಸಿ.

ಮಾತ್ರೆ ಪ್ರತಿದಿನ ಒಂದೇ ಹೊತ್ತಿಗೆ. ಅನೇಕರಿಗೆ ಒಂದು ದಿನ 2 ಎಂಜಿ, ಮರುದಿನ 3 ಎಂಜಿ ಅಂತ ಬರೆದಿರುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಕಿನ ಮೇಲೆ ಅಂಕಿ ಬರೆದುಕೊಟ್ಟು, ನುಂಗಿದ ಮೇಲೆ ಗೀಟು ಹಾಕಲು ಹೇಳಿ. ಓದು ಬಾರದವರಿಗೂ ಇದು ನಡೆಯುತ್ತದೆ. ಮರೆತರೆ ಅದೇ ದಿನ ನೆನಪಾದರೆ ತೆಗೆದುಕೊಳ್ಳಬಹುದು. ಮರುದಿನ ನೆನಪಾದರೆ ಬಿಟ್ಟುಬಿಡಬೇಕು, ಎರಡು ಸೇರಿಸಿ ನುಂಗಬಾರದು.

ಸೊಪ್ಪಿನ ವಿಷಯಕ್ಕೆ ಬರೋಣ. ‘ಸೊಪ್ಪು ಮುಟ್ಟಲೇಬೇಡಿ’ ಅಂತ ಹೇಳಿ ಕಳಿಸುವುದು ಇನ್ನೂ ನಡೆಯುತ್ತಿದೆ. ನನಗೆ ಅದು ಸರಿ ಕಾಣುವುದಿಲ್ಲ. ಮಸ್ಸೊಪ್ಪು, ಬಸ್ಸಾರು ಬಿಟ್ಟರೆ ನಮ್ಮ ಕಡೆಯ ಊಟದಲ್ಲಿ ಉಳಿಯುವುದೇನು? ಪಾಲಕ್, ನುಗ್ಗೆಸೊಪ್ಪು, ಬಸಳೆ, ಹರಿವೆ, ಮೆಂತ್ಯಸೊಪ್ಪಿನಲ್ಲಿ ವಿಟಮಿನ್ ಕೆ ಇದೆ ನಿಜ. ಬೇಕಾಗಿರುವುದು ಸಮ. ವಾರಕ್ಕೆ ಎರಡು ಸಲ ತಿನ್ನುವವರು ಪ್ರತಿ ವಾರ ಅಷ್ಟೇ ತಿನ್ನಲಿ, ಆ ಊಟಕ್ಕೆ ತಕ್ಕಂತೆ ಡಾಕ್ಟರ್ ಡೋಸ್ ಹೊಂದಿಸುತ್ತಾರೆ. ತಿಂಗಳು ಪೂರ್ತಿ ಬಿಟ್ಟು ಊರಿಗೆ ಹೋದಾಗ ವಾರವಿಡೀ ಸೊಪ್ಪಿನ ಸಾರು ತಿಂದರೆ ಐಎನ್‌ಆರ್ ಇಳಿಯುತ್ತದೆ. ವಾಂತಿ ಭೇದಿ, ಜ್ವರ, ದಿನಗಟ್ಟಲೆ ಉಪವಾಸ ಬಂದರೆ ಐಎನ್‌ಆರ್ ಏರಬಹುದು, ಬೇಗ ಪರೀಕ್ಷೆ ಮಾಡಿಸಬೇಕು.

ಊಟಕ್ಕಿಂತ ನನಗೆ ಭಯ ಮೆಡಿಕಲ್ ಶಾಪಿನ ಮಾತ್ರೆ. ಮೈಕೈ ನೋವಿಗೆ ಕೇಳಿ ತರುವ ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್ ಇದೆ, ಡಿಸ್ಪ್ರಿನ್ ಅಂದರೆ ಆಸ್ಪಿರಿನ್. ಡಾಕ್ಟರ್ ಹೇಳದೆ ಇವು ಬೇಡ. ನೋವಿಗೆ ಪ್ಯಾರಾಸಿಟಮಾಲ್ ಮೇಲು, ಅದೂ ದಿನಗಟ್ಟಲೆ ಜಾಸ್ತಿ ನುಂಗಬಾರದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್, ಆಂಟಿಬಯೋಟಿಕ್ ಆದ ಕೋಟ್ರಿಮಾಕ್ಸಜೋಲ್ ಐಎನ್‌ಆರ್ ಅನ್ನು ಜೋರಾಗಿ ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್ ಇಳಿಸುತ್ತದೆ; ಟಿಬಿ ಔಷಧ ಮುಗಿದ ಮೇಲೆ ಡೋಸ್ ಇಳಿಸದಿದ್ದರೆ ರಕ್ತಸ್ರಾವ ಆಗುತ್ತದೆ. ಯಾವ ಡಾಕ್ಟರ್ ಹತ್ತಿರ ಹೋದರೂ, ಹಲ್ಲಿನವರಾಗಲಿ ನಾಟಿ ವೈದ್ಯರಾಗಲಿ, ಮೊದಲು ‘ನಾನು ಅಸಿಟ್ರೋಮ್ ತಗೊಳ್ತೀನಿ’ ಅಂತ ಹೇಳಬೇಕು. ಅದನ್ನು ಬರೆದ ಚೀಟಿ ಪರ್ಸಿನಲ್ಲಿ ಇರಲಿ. ಕಷಾಯ, ಲೇಹ್ಯ ಹೊಸದಾಗಿ ಶುರು ಮಾಡುವುದಾದರೂ ಕೇಳಿ ಮಾಡಲಿ.

ರೈತರಿಗೆ, ಅಡುಗೆ ಮಾಡುವವರಿಗೆ ಅವರವರ ಕೆಲಸ ಕೇಳಿ ಹೇಳಿ. ಈಳಿಗೆ ಮಣೆ, ಕತ್ತಿ, ಕುಡುಗೋಲು ಹಿಡಿಯುವಾಗ ಜೋಪಾನ, ಬರಿಗಾಲಿನಲ್ಲಿ ತೋಟಕ್ಕೆ ಬೇಡ. ಮಲೆನಾಡಿನವರಿಗೆ ಮಳೆಗಾಲದಲ್ಲಿ ಉಂಬಳದ ಕಾಟ ಗೊತ್ತೇ ಇದೆ. ಅದರ ಎಂಜಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಈ ಮಾತ್ರೆ ನುಂಗುವವರಲ್ಲಿ ಕಚ್ಚಿದ ಜಾಗ ತುಂಬಾ ಹೊತ್ತು ಸೋರುತ್ತದೆ. ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಲಿ, ನಿಲ್ಲದಿದ್ದರೆ ಆಸ್ಪತ್ರೆಗೆ ಬರಲಿ.

ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳ ಜೊತೆ ಒಂಟಿಯಾಗಿ ಮಾತಾಡಿ. ವಾರ್ಫರಿನ್, ಅಸಿಟ್ರೋಮ್ ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿಗೆ ತೊಂದರೆ ಮಾಡಬಹುದು. ಮಾತ್ರೆ ತಾನಾಗಿ ನಿಲ್ಲಿಸಿದರೆ ವಾಲ್ವ್ ಕಟ್ಟಿಕೊಂಡು ತಾಯಿಯ ಜೀವಕ್ಕೇ ಕುತ್ತು. ಮುಟ್ಟು ನಿಂತ ಕೂಡಲೇ, ಸಾಧ್ಯವಾದರೆ ಮಗು ಬೇಕು ಅಂದುಕೊಂಡಾಗಲೇ, ಹೃದಯದ ಡಾಕ್ಟರ್ ಮತ್ತು ಹೆರಿಗೆ ಡಾಕ್ಟರ್ ಇಬ್ಬರ ಹತ್ತಿರವೂ ಬರಬೇಕು. ಮದುವೆಯಾಗದ ಹುಡುಗಿಗೂ ಇದನ್ನು ತಿಳಿಸಿ. ಹೇಳಲು ಮುಜುಗರ ಅಂತ ಬಿಟ್ಟರೆ ಅವಳಿಗೆ ಬೇರೆ ಯಾರೂ ಹೇಳುವುದಿಲ್ಲ.

ಹಲ್ಲು ಕೀಳಿಸಲು, ಆಪರೇಷನ್‌ಗೆ ಮಾತ್ರೆ ತಾವಾಗಿ ನಿಲ್ಲಿಸಬಾರದು. ದೊಡ್ಡ ಆಪರೇಷನ್‌ಗೆ ವಾರ್ಫರಿನ್ ಅನ್ನು ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸುತ್ತಾರೆ. ಒಂದು ಹಲ್ಲು ಕೀಳಲು ಐಎನ್‌ಆರ್ ಸರಿ ಇದ್ದರೆ ಅನೇಕ ಸಲ ನಿಲ್ಲಿಸುವುದೇ ಇಲ್ಲ. ಡಿಸ್ಚಾರ್ಜ್ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಇಷ್ಟು ಇರಲಿ: ಔಷಧದ ಹೆಸರು, ಎಂಜಿ, ಕೊಡುವ ಕಾರಣ, ಐಎನ್‌ಆರ್ ಗುರಿ, ಕೊನೆಯ ರಿಪೋರ್ಟ್, ಮುಂದಿನ ಪರೀಕ್ಷೆಯ ತಾರೀಕು, ಹತ್ತಿರದ ಯಾವ ಲ್ಯಾಬಿನಲ್ಲಿ ಮಾಡಿಸಬಹುದು, ರಿಪೋರ್ಟ್ ಬಂದ ಮೇಲೆ ಯಾವ ನಂಬರಿಗೆ ಫೋನ್ ಮಾಡಬೇಕು.